ಮಾಂಸ ಮುಟ್ಟದ ಅಪ್ಪನಿಗೆ ಗೌಟ್ ಯಾಕೆ ಬಂತು?

ಬಸವನಗುಡಿ ಮಗಳು:
ಅಪ್ಪನಿಗೆ 64. ಮಾಂಸ, ಮದ್ಯ ಎರಡೂ ಮುಟ್ಟಿದವರಲ್ಲ. ಮೊನ್ನೆ ರಾತ್ರಿ ಬಲಗಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿಕೊಂಡಿತು. ರಗ್ಗು ತಾಗಿದರೂ ಚೀರುವಷ್ಟು ನೋವು. ಡಾಕ್ಟರು ಗೌಟ್ ಅಂದರು, ಯೂರಿಕ್ ಆಸಿಡ್ ಹೆಚ್ಚಾಗಿ ಬರುವ ಕೀಲು ಊತವಂತೆ. ಆದರೆ ಯೂರಿಕ್ ಆಸಿಡ್ 6.4, ರಿಪೋರ್ಟಿನಲ್ಲಿ ನಾರ್ಮಲ್. ಸೋದರತ್ತೆ ಫೋನ್ ಮಾಡಿ ಬೇಳೆ, ಪಾಲಕ್, ಟೊಮೆಟೊ ಎಲ್ಲ ನಿಲ್ಲಿಸು ಅಂದಿದ್ದಾರೆ. ಅವರೇಕಾಯಿ ಕಾಲದಲ್ಲಿ ಅಪ್ಪ ಬರೀ ಮಜ್ಜಿಗೆ ಅನ್ನ ತಿನ್ನುತ್ತಿದ್ದಾರೆ, ನನಗೆ ನೋಡಲಾಗುತ್ತಿಲ್ಲ. ಬಿಪಿ ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ.

ವಿಜಯನಗರ:
ನಮ್ಮ ಮಾವನಿಗೂ ಹೀಗೇ ಆಗಿತ್ತು. ನಿಂಬೆರಸ ಕುಡಿದರು, ಹತ್ತು ದಿನದಲ್ಲಿ ಮಾಯ.

ಹಳೇ ಲ್ಯಾಬಿನವನು, ಮಲ್ಲೇಶ್ವರ:
ವಿಜಯನಗರದವರೇ, ಗೌಟ್ ನೋವು ಏನೂ ಮಾಡದಿದ್ದರೂ ಒಂದೆರಡು ವಾರದಲ್ಲಿ ಇಳಿಯುತ್ತದೆ. ಯೂರಿಕ್ ಆಸಿಡ್ ಮಾತ್ರ ಒಳಗೇ ಉಳಿದಿರುತ್ತದೆ.

ನೋಡಮ್ಮ, ನಾನು ಡಾಕ್ಟರಲ್ಲ, ಲ್ಯಾಬಿನಲ್ಲಿ ದುಡಿದು ರಿಟೈರ್ ಆದವನು. ಇಂಥವರ ಕೀಲಿನ ನೀರನ್ನು ಮೈಕ್ರೋಸ್ಕೋಪಿನಲ್ಲಿಟ್ಟರೆ ಸೂಜಿಯಂಥ ಹರಳುಗಳು ಕಾಣುತ್ತವೆ, ಕೆಲವು ಬಿಳಿ ರಕ್ತಕಣಗಳ ಒಳಗೇ ಇರುತ್ತವೆ. ಆ ಕಣಗಳು ಹರಳಿನ ಮೇಲೆ ಬೀಳುವುದರಿಂದಲೇ ಊತ, ಕೆಂಪು, ಉರಿ. ರಕ್ತದಲ್ಲಿ ಯೂರಿಕ್ ಆಸಿಡ್ ಸುಮಾರು 6.8 ದಾಟಿದರೆ ಪೂರ್ತಿ ಕರಗಿರಲಾರದು. ತಣ್ಣಗಿರುವ ಕಡೆ ಇನ್ನೂ ಬೇಗ ಹರಳುಗಟ್ಟುತ್ತದೆ. ಹೆಬ್ಬೆರಳೇ ಮೊದಲು ಸಿಕ್ಕಿಬೀಳಲು ಅದೂ ಒಂದು ಕಾರಣ.

ಈ ಆಸಿಡ್ ಬಹುಪಾಲು ಹುಟ್ಟುವುದು ನಮ್ಮದೇ ಜೀವಕೋಶಗಳಲ್ಲಿರುವ ಪ್ಯೂರಿನ್ ಎಂಬ ವಸ್ತು ಒಡೆಯುವುದರಿಂದ, ತಟ್ಟೆಯಿಂದ ಬರುವುದು ಕಡಿಮೆ. ಮೂರರಲ್ಲಿ ಎರಡು ಪಾಲನ್ನು ಮೂತ್ರಪಿಂಡ ಹೊರಹಾಕಬೇಕು. ಗೌಟ್ ಬಂದ ಹೆಚ್ಚಿನವರಲ್ಲಿ ಅಲ್ಲೇ ಕೊರತೆ. ವಂಶದಿಂದ ಬಂದಿರಬಹುದು, ಬಿಪಿಯಿಂದಿರಬಹುದು, ಕೆಲವು ಬಿಪಿ ಮಾತ್ರೆಗಳಿಂದಲೂ ಆಗಬಹುದು. ಸ್ಟ್ರಿಪ್ಪಿನ ಮೇಲೆ ಹೈಡ್ರೋಕ್ಲೋರೋಥಯಜೈಡ್ ಅಂತ ಇದೆಯಾ ನೋಡಿ.

ನೋವು ಜೋರಾಗಿದ್ದಾಗ ರಕ್ತದ ಮಟ್ಟ ಇಳಿದು ಕಾಣುವುದುಂಟು. ಎಲ್ಲ ಶಮನವಾಗಿ ಎರಡು ವಾರವಾದ ಮೇಲೆ ಮತ್ತೆ ಟೆಸ್ಟ್ ಮಾಡಿಸಿ.

ಬೇಳೆ, ಸೊಪ್ಪಿನಿಂದ ಗೌಟ್ ಹೆಚ್ಚುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ದಯವಿಟ್ಟು ಅವರಿಗೆ ಅವರೇಕಾಳು ಸಾರು ಮಾಡಿಕೊಡಿ. ಬಿಡಿಸಬೇಕಾದ್ದು ಸಕ್ಕರೆ ತುಂಬಿದ ಬಾಟಲಿ ಜ್ಯೂಸು, ಕೂಲ್‌ಡ್ರಿಂಕ್ಸ್. ತಿನ್ನುವವರಾಗಿದ್ದರೆ ಲಿವರ್, ಸಿಗಡಿ, ಬಿಯರ್ ಅನ್ನೂ ಹೇಳುತ್ತಿದ್ದೆ.

ಬಸವನಗುಡಿ ಮಗಳು:
ಸರ್, ಸ್ಟ್ರಿಪ್ಪಿನ ಮೇಲೆ ಅದೇ ಹೆಸರಿದೆ! ಇವತ್ತಿಂದಲೇ ನಿಲ್ಲಿಸಲೇ?

ಹಳೇ ಲ್ಯಾಬಿನವನು, ಮಲ್ಲೇಶ್ವರ:
ಬೇಡಮ್ಮ, ಬಿಪಿ ಏರಿಬಿಟ್ಟರೆ ಅಪಾಯ. ಸ್ಟ್ರಿಪ್ ತೋರಿಸಿ ಬದಲಿ ಕೇಳಿ. ಲೊಸಾರ್ಟಾನ್ ಅನ್ನೋ ಬಿಪಿ ಮಾತ್ರೆ ಯೂರಿಕ್ ಆಸಿಡನ್ನು ಸ್ವಲ್ಪ ಇಳಿಸುತ್ತದೆ, ಅಪ್ಪನಿಗೆ ಹೊಂದುತ್ತದೆಯೇ ಅಂತ ಡಾಕ್ಟರೇ ಹೇಳಬೇಕು. ನೋವು ಮರುಕಳಿಸುತ್ತಿದ್ದರೆ ಅಲೋಪ್ಯೂರಿನಾಲ್ ಬರೆಯಬಹುದು, ಮಟ್ಟ 6ರ ಕೆಳಗಿಡಲು. ಶುರುವಿನ ತಿಂಗಳುಗಳಲ್ಲಿ ಹಳೇ ಹರಳು ಕರಗುವಾಗ ನೋವು ಮತ್ತೆ ಕೆರಳಬಹುದು, ಹೆದರಿ ಬಿಡಬೇಡಿ. ಆದರೆ ಮೈಮೇಲೆ ದದ್ದು ಎದ್ದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.