ಸಹಾಯ ಬೇಕು: ಮಕ್ಕಳ ನಾಟಕಕ್ಕೆ ಪಾತ್ರ ಹಂಚುವುದು ಹೇಗೆ?

ಮಾನ್ಯರೇ,

ಪ್ರಾಥಮಿಕ ಶಾಲೆಯ ಶಿಕ್ಷಕಿಯಾದ ನನಗೆ ಮೂರು ಮತ್ತು ನಾಲ್ಕನೆಯ ತರಗತಿಯ ಮಕ್ಕಳಿಂದ ನಾಟಕವೊಂದನ್ನು ಆಡಿಸುವ ಹೊಣೆ ಬಂದಿದೆ. ಮಾತಿರುವ ಪಾತ್ರಗಳು 14. ಹೆಸರು ಕೊಟ್ಟಿರುವ ಮಕ್ಕಳು 38.

ಕಳೆದ ವರ್ಷ ಇಡೀ ತರಗತಿಯ ಎದುರು ಒಬ್ಬೊಬ್ಬರನ್ನೇ ನಿಲ್ಲಿಸಿ ಓದಿಸಿದ್ದೆ. ಬಿಡುವಿನಲ್ಲಿ ಎಲ್ಲರ ದನಿಯನ್ನೂ ಅನುಕರಿಸಿ ತೋರಿಸುವ ಹುಡುಗಿಯೊಬ್ಬಳು ಅಂದು ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಹಾಳೆಯಿಂದ ಕಣ್ಣೆತ್ತದೆ, ಎರಡನೆಯ ಸಾಲಿಗೇ ನಿಂತುಬಿಟ್ಟಳು. ಅವಳಿಗೆ ಸಿಗಬೇಕಿದ್ದ ಪಾತ್ರ ಸರಾಗವಾಗಿ ಓದಿದ ಮಗುವಿನ ಪಾಲಾಯಿತು. ಅದು ಇಂದಿಗೂ ನನ್ನನ್ನು ಕಾಡುತ್ತಿದೆ.

ಆದ್ದರಿಂದ ಈ ಬಾರಿ ಐದಾರು ಮಕ್ಕಳ ಗುಂಪು ಮಾಡಿ, ಮೊದಲು ಆಟವೊಂದನ್ನು ಆಡಿಸಿ ಅಳುಕು ಕಳೆದು, ಬಳಿಕ ಒಂದೇ ಸಾಲನ್ನು ಸಿಟ್ಟಿನಿಂದ, ಗುಟ್ಟು ಹೇಳುವಂತೆ, ದೂರದವರನ್ನು ಕೂಗುವಂತೆ ಹೇಳಿಸಬೇಕೆಂದಿದ್ದೇನೆ. ಓದಿನಲ್ಲಿ ಹಿಂದಿರುವವರಿಗೆ ಸಾಲನ್ನು ನಾನೇ ಬಾಯಿಂದ ಹೇಳಿಕೊಡುತ್ತೇನೆ, ಏಕೆಂದರೆ ನೋಡಬೇಕಿರುವುದು ಅಭಿನಯವನ್ನೇ ಹೊರತು ಓದಿನ ವೇಗವನ್ನಲ್ಲ.

ಮುಖ್ಯ ಪಾತ್ರವನ್ನು ದೃಶ್ಯಕ್ಕೊಬ್ಬರಂತೆ ಮೂವರಿಗೆ ಹಂಚಿ, ಗುರುತಿಗಾಗಿ ಒಂದೇ ಕೆಂಪು ಶಾಲನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರೆ ಪ್ರೇಕ್ಷಕರಿಗೆ ಗೊಂದಲವಾಗದೆ ಇದ್ದೀತೇ? ಮಾತಿಲ್ಲದ ಮಕ್ಕಳಿಗೆ ಹಾಡು ಮತ್ತು ಹಿನ್ನೆಲೆ ಸದ್ದುಗಳನ್ನು ವಹಿಸಬಹುದು. ಆದರೆ ಆಯ್ಕೆಯ ಪಟ್ಟಿಯನ್ನು ಗೋಡೆಗೆ ಅಂಟಿಸಲು ನನಗೆ ಮನಸ್ಸಿಲ್ಲ. ಬಯಸಿದ ಪಾತ್ರ ಸಿಗದ ಎಂಟು ವರ್ಷದ ಮಗುವಿಗೆ ಆ ಸುದ್ದಿಯನ್ನು ಯಾವ ಮಾತುಗಳಲ್ಲಿ ಹೇಳಬೇಕು? ಮಕ್ಕಳ ರಂಗಭೂಮಿಯಲ್ಲಿ ದುಡಿದವರು ದಯವಿಟ್ಟು ತಮ್ಮ ಅನುಭವವನ್ನು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.