ಕಾವೇರಿ ಎಂಬ ಹೆಸರಿನ ಮೂಲ ಮತ್ತು ಬಳಕೆ

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿ ಹುಟ್ಟಿರುವ ಹೆಣ್ಣುಮಗುವಿಗೆ ಕಾವೇರಿ ಎಂದು ನಾಮಕರಣ ಮಾಡಬೇಕೆಂದಿದ್ದೇವೆ. ಈ ಹೆಸರಿನ ಹಿನ್ನೆಲೆಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕವೇರ ಮುನಿಯ ಮಗಳಾದ್ದರಿಂದ ಕಾವೇರಿ ಎಂಬುದು ಪುರಾಣದ ವಿವರಣೆ. ಬ್ರಹ್ಮನ ಮಗಳಾದ ಲೋಪಾಮುದ್ರೆಯನ್ನು ಕವೇರನು ಸಾಕಿದನೆಂದೂ, ಅಗಸ್ತ್ಯರನ್ನು ವರಿಸಿದ ಆಕೆ ಅವರ ಕಮಂಡಲದಿಂದ ನದಿಯಾಗಿ ಹರಿದಳೆಂದೂ ಕಥೆಯಿದೆ. 9ನೇ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳುವುದರಿಂದ, ಈ ಹೆಸರು ನಮ್ಮ ನುಡಿಯಲ್ಲಿ ಎಷ್ಟು ಹಳೆಯದೆಂಬುದು ಸ್ಪಷ್ಟ.

ಉತ್ತರ 2: ನಾನು ಕೊಡಗಿನವಳು. ನಮಗೆ ಕಾವೇರಮ್ಮ ಮನೆಮಗಳೂ ಹೌದು, ಕುಲದೇವತೆಯೂ ಹೌದು. ಅಕ್ಟೋಬರಿನ ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವವಾದ ಮೇಲೆ, ಮನೆಯಲ್ಲಿ ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ, ಅದನ್ನೇ ಕಾವೇರಿಯೆಂದು ಕಣಿ ಪೂಜೆ ಮಾಡುತ್ತೇವೆ. ಬಲಮುರಿಯಲ್ಲಿ ನದಿಯ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆಗಳು ಹಿಂದಕ್ಕೆ ಸರಿದವೆಂದೂ, ಕೊಡವ ಮಹಿಳೆಯರು ಇಂದಿಗೂ ನೆರಿಗೆಯನ್ನು ಹಿಂದೆ ಉಡುವುದು ಅದರಿಂದಲೇ ಎಂದೂ ಹಿರಿಯರು ಹೇಳುತ್ತಾರೆ. ಹೆಣ್ಣುಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಹೆಸರು ನನಗಂತೂ ತೋಚದು.

ಉತ್ತರ 3: ಮೈಸೂರು–ಚೆನ್ನೈ ರೈಲು ಕಾವೇರಿ ಎಕ್ಸ್‌ಪ್ರೆಸ್, ಬೆಂಗಳೂರಿನ ಎಂ.ಜಿ. ರಸ್ತೆಯ ಸರ್ಕಾರಿ ಕರಕುಶಲ ಮಳಿಗೆ ಕಾವೇರಿ, ಆಸ್ತಿ ನೋಂದಣಿಯ ತಂತ್ರಾಂಶವೂ ಕಾವೇರಿ. ತೇಜಸ್ ಯುದ್ಧವಿಮಾನಕ್ಕೆಂದು ಬೆಂಗಳೂರಿನಲ್ಲಿ ರೂಪಿಸಲು ಹೊರಟ ಜೆಟ್ ಎಂಜಿನ್‌ಗೂ ಇದೇ ಹೆಸರನ್ನಿಟ್ಟರು. ತಮಿಳುನಾಡಿನಲ್ಲಿಯೂ ಹೆಣ್ಣುಮಕ್ಕಳಿಗೆ ಈ ಹೆಸರನ್ನು ಪ್ರೀತಿಯಿಂದ ಇಡುತ್ತಾರೆ. ಅಲ್ಲಿ ಈ ನದಿಗೆ ಪೊನ್ನಿ ಎಂಬ ಇನ್ನೊಂದು ಹೆಸರೂ ಇದೆ.