ಗರ್ಭನಿರೋಧಕದ ಖರ್ಚು ತಗ್ಗಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಇನ್ನೂ ಕೆಲವು ವರ್ಷ ನಮಗೆ ಮಗು ಬೇಡ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಮೈಗೆ ಒಗ್ಗಿದೆ. ಆದರೆ ಕೆಲಸ ಬಿಟ್ಟ ಮೇಲೆ ಮಾತ್ರೆಯ ದುಡ್ಡು, ಚೀಟಿ ಬರೆಸೋಕೆ ಡಾಕ್ಟರ್ ಫೀಸು, ಎರಡೂ ಸೇರಿ ಕೈ ಕಚ್ಚುತ್ತಿವೆ. ಮಾತ್ರೆ ಬಿಡದೆ ಖರ್ಚು ಇಳಿಸಬಹುದಾ? ಇಲ್ಲಾ ಬೇರೆ ದಾರಿ ನೋಡಬೇಕಾ?

ಉತ್ತರ: ಒಗ್ಗಿದ್ದನ್ನು ಬಿಡುವ ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ. ಬ್ರ್ಯಾಂಡ್ ಹೆಸರಿನ ಕೆಳಗೆ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಒಳಗೇನಿದೆ ಅಂತ ಬರೆದಿರುತ್ತಾರೆ. ನನ್ನದರಲ್ಲಿ ಲೆವೊನಾರ್ಜೆಸ್ಟ್ರೆಲ್ 0.15 ಮಿ.ಗ್ರಾಂ, ಎಥಿನೈಲ್ ಎಸ್ಟ್ರಡಯಾಲ್ 0.03 ಮಿ.ಗ್ರಾಂ ಅಂತಿತ್ತು. ಇದು ಎರಡು ಹಾರ್ಮೋನುಗಳ ಹಳೇ ಜೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ಇಂಥದ್ದನ್ನು ಬೇರೆ ಬೇರೆ ಕಂಪನಿಗಳು ಮಾಡುತ್ತವೆ, ಬೆಲೆಯಲ್ಲಿ ಮಾತ್ರ ತುಂಬಾ ವ್ಯತ್ಯಾಸ. ಚೀಟಿಯಲ್ಲಿ ಬ್ರ್ಯಾಂಡ್ ಬದಲು ಔಷಧದ ಹೆಸರು ಬರೆದುಕೊಡಿ ಅಂದೆ, ಡಾಕ್ಟರ್ ಬರೆದುಕೊಟ್ಟರು. ಜೆನೆರಿಕ್ ಸಿಕ್ಕಿತು. ಔಷಧವೂ ಪ್ರಮಾಣವೂ ಎರಡೂ ಅದೇ ಇರಬೇಕು, ಅಷ್ಟು ನೋಡಿಕೊಳ್ಳಿ. ಡ್ರೋಸ್ಪೈರಿನೋನ್ ಇರುವುದು ಬೇರೆ ಮಾತ್ರೆ, ಅದರ ಜಾಗಕ್ಕೆ ಇದನ್ನು ಸುಮ್ನೆ ತಂದು ನುಂಗಬೇಡಿ.

ಇನ್ನೊಂದು ಮಾತು. ಹಲವು ತಿಂಗಳಿಗೆ ಒಟ್ಟಿಗೇ ಕೊಡಿ ಅಂತ ಕೇಳಿ. ಒಂದು ವರ್ಷದ ಮಾತ್ರೆಯವರೆಗೂ ಒಮ್ಮೆಗೇ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಫೀಸು, ಓಡಾಟ ಎರಡೂ ಉಳಿಯುತ್ತವೆ. ಸ್ಟ್ರಿಪ್ ಮುಗಿದು ಹೊಸದು ಬರುವ ಮಧ್ಯೆ ನಾಲ್ಕು ದಿನ ತಪ್ಪುವುದೂ ಇರುವುದಿಲ್ಲ. ಮಾತ್ರೆ ಶುರು ಮಾಡಲು ಒಳಪರೀಕ್ಷೆಯಾಗಲಿ ರಕ್ತಪರೀಕ್ಷೆಯಾಗಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಟೆಸ್ಟ್‌ಗಳ ಪಟ್ಟಿ ಕೊಟ್ಟರೆ ಯಾಕೆ ಅಂತ ಕೇಳಲು ಮುಜುಗರ ಬೇಡ. ಬಿಪಿ ಮಾತ್ರ ನೋಡಿಸಲೇಬೇಕು. ಕಣ್ಣ ಮುಂದೆ ಮಿಂಚು ಕಾಣಿಸಿ ಬರುವ ಮೈಗ್ರೇನ್ ಇದ್ದರೆ, ಅಥವಾ 35 ದಾಟಿ ಸಿಗರೇಟು ಸೇದುವವರಾದರೆ ಅದನ್ನು ಹೇಳಿಬಿಡಿ. ಅಂಥವರಿಗೆ ಈ ಜೋಡಿ ಮಾತ್ರೆ ಆಗದು.

ಉತ್ತರ: ನಾನಾಗಿದ್ದರೆ ತಿಂಗಳ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಾಕುತ್ತಿದ್ದೆ. ಗರ್ಭಕೋಶದೊಳಗೆ ಇಡುವ ತಾಮ್ರದ ಸಾಧನ ಕಾಪರ್-ಟಿ ಹಾಕಿಸುವ ದಿನ ದುಡ್ಡು ಜಾಸ್ತಿ ಅನ್ನಿಸುತ್ತದೆ. ಆದರೆ 380ಎ ಅನ್ನುವ ಬಗೆಯದು 10 ವರ್ಷ ಕೆಲಸ ಮಾಡುತ್ತದೆ, ಭಾಗಿಸಿ ನೋಡಿ. ಬೇಡವಾದಾಗ ತೆಗೆಸಿದರೆ ಬಸಿರಾಗುವ ಶಕ್ತಿ ಕೂಡಲೇ ವಾಪಸ್ ಬರುತ್ತದೆ.

ಹಾಕಿಸುವ ಮೊದಲು ನಾನು ಕೇಳಿದ ಪ್ರಶ್ನೆ ಒಂದೇ: ತೆಗೆಯೋಕೆ ಎಷ್ಟು? ಹಾಕೋದು ಉಚಿತ, ತೆಗೆಯೋಕೆ ದುಡ್ಡು ಅನ್ನುವ ಕಡೆಗಳೂ ಇವೆ. ಮೊದಲ ಕೆಲವು ತಿಂಗಳು ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗಬಹುದು, ಹೊಟ್ಟೆ ಹಿಂಡಬಹುದು. ಪ್ಯಾಡಿನ ಖರ್ಚೂ ಲೆಕ್ಕಕ್ಕೆ ಬರಲಿ. ಮೊದಲೇ ರಕ್ತಹೀನತೆ ಇದ್ದವರು ಕೇಳಿಯೇ ಮುಂದುವರಿಯಿರಿ. ತೋಳಿನ ಚರ್ಮದ ಕೆಳಗೆ ಇಡುವ ಇಂಪ್ಲಾಂಟ್ ಬಗೆಯ ಮೇಲೆ 3ರಿಂದ 5 ವರ್ಷ ಬರುತ್ತದೆ. ಅದರ ವಿಷಯ ಹಾಕಿಸಿಕೊಂಡವರೇ ಹೇಳಲಿ.

ಉತ್ತರ: ವಿಮೆ ಇದ್ದರೆ ಫೋನಿನಲ್ಲಿ "ಬರುತ್ತೆ ಮೇಡಂ" ಅಂದದ್ದನ್ನು ನಂಬಬೇಡಿ. ಸಾಧನ, ಹಾಕುವುದು, ತೆಗೆಯುವುದು, ಡಾಕ್ಟರ್ ಭೇಟಿ, ನಾಲ್ಕನ್ನೂ ಬೇರೆ ಬೇರೆ ಕೇಳಿ. ಉತ್ತರ ಬರಹದಲ್ಲಿ ತರಿಸಿಕೊಳ್ಳಿ. ಪಾಲಿಸಿ ಇನ್ನೊಬ್ಬರ ಹೆಸರಿನಲ್ಲಿದ್ದರೆ ಬಿಲ್ಲಿನ ವಿವರ ಅವರ ಕೈಗೆ ಹೋಗಬಹುದು. ಗುಟ್ಟಾಗಿರಬೇಕಿದ್ದರೆ ಅದನ್ನೂ ಮೊದಲೇ ವಿಚಾರಿಸಿ.

ಉತ್ತರ: ಗಂಡಸೊಬ್ಬ ಬರೆಯುತ್ತಿದ್ದೇನೆ. ಖರ್ಚು ಇಬ್ಬರದ್ದೂ ಅಲ್ವಾ? ನಿಮ್ಮವರು ಅರ್ಧ ಹಾಕಲಿ. ಕಾಂಡೋಮ್ ಅನ್ನು ಎಷ್ಟೋ ದೇಶಗಳ ಸರ್ಕಾರಿ ಆರೋಗ್ಯ ಕೇಂದ್ರಗಳು ಪುಕ್ಕಟೆ ಕೊಡುತ್ತವೆ, ಲೈಂಗಿಕ ಸೋಂಕು ತಡೆಯುವುದೂ ಅದೊಂದೇ. ಆದರೆ ಅದನ್ನೇ ನೆಚ್ಚಿಕೊಂಡ 100 ಜನರಲ್ಲಿ ವರ್ಷಕ್ಕೆ ಸುಮಾರು 13 ಮಂದಿ ಬಸಿರಾಗುತ್ತಾರೆ. ಮಾತ್ರೆಯಲ್ಲಿ ಸುಮಾರು 7, ಕಾಪರ್-ಟಿಯಲ್ಲಿ ಒಂದಕ್ಕೂ ಕಡಿಮೆ. ಮುಂದೆ ಮಕ್ಕಳು ಬೇಡವೇ ಬೇಡ ಅಂತಾದರೆ ನಾನು ಮಾಡಿಸಿಕೊಂಡ ವಾಸೆಕ್ಟಮಿ, ಅಂದರೆ ಗಂಡಸರಿಗೆ ಮಕ್ಕಳಾಗದಂತೆ ಮಾಡುವ ಆಪರೇಷನ್, ಹೆಂಗಸರ ಆಪರೇಷನ್‌ಗಿಂತ ಸಣ್ಣದು, ಸಾಮಾನ್ಯವಾಗಿ ಅಗ್ಗವೂ ಹೌದು. ಮೂರು ತಿಂಗಳು ಕಳೆದು ವೀರ್ಯ ಪರೀಕ್ಷೆಯಲ್ಲಿ ಸರಿ ಅಂತ ಬರುವವರೆಗೆ ಬೇರೆ ಉಪಾಯ ಬೇಕು.

ಉತ್ತರ: ತುರ್ತು ಮಾತ್ರೆಯನ್ನೇ ತಿಂಗಳು ತಿಂಗಳು ನುಂಗಿ "ಅಗ್ಗ" ಅನ್ನುವವರಿದ್ದಾರೆ. ಅಗ್ಗವೂ ಅಲ್ಲ, ಅಷ್ಟು ಭರವಸೆಯದೂ ಅಲ್ಲ. ಆ ಮಾತ್ರೆಯನ್ನು, ಅಂದರೆ ಲೆವೊನಾರ್ಜೆಸ್ಟ್ರೆಲ್ 1.5 ಮಿ.ಗ್ರಾಂ ಅನ್ನು, ರಕ್ಷಣೆಯಿಲ್ಲದೆ ಕೂಡಿದ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ ತೆಗೆದುಕೊಳ್ಳಬೇಕು. 5 ದಿನದೊಳಗೆ ಕಾಪರ್-ಟಿ ಹಾಕಿಸಿದರೆ ಅದಕ್ಕಿಂತ ಜಾಸ್ತಿ ಫಲ, ಮುಂದಿನ ವರ್ಷಗಳಿಗೂ ಅದೇ ಆಗುತ್ತದೆ. 3 ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಇಂಜೆಕ್ಷನ್ ಕೂಡ ಕಡಿಮೆ ಖರ್ಚಿನದೇ, ಆದರೆ ಬಿಟ್ಟ ಮೇಲೆ ಬಸಿರು ನಿಲ್ಲಲು ಹಲವು ತಿಂಗಳು ಹಿಡಿಯಬಹುದು. ಬೇಗ ಮಗು ಬೇಕು ಅನ್ನುವವರು ಯೋಚಿಸಿ.

ಕ್ಷಯಕ್ಕೆ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ತೆಗೆದುಕೊಳ್ಳುತ್ತಿದ್ದರೆ ಮಾತ್ರೆಯ ಕಸುವು ಕುಗ್ಗುತ್ತದೆ, ಅಗ್ಗದ್ದಾಗಲಿ ದುಬಾರಿಯದ್ದಾಗಲಿ. ಕಾಪರ್-ಟಿಗೆ ಆ ತೊಂದರೆ ಇಲ್ಲ.